ನೈಟ್‌ಗಳ ಕಥೆ ಓದುವ ಬಗೆ: ಕತ್ತಿಗಿಂತ ಕೊಟ್ಟ ಮಾತು ನೋಡಿ

ಕೊಡಗಿನ ಆಯುಧಹಬ್ಬ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಹೂ ಸಿಕ್ಕಿಸಿ ಬೆಳೆದ ನಮ್ಮೂರ ಮಕ್ಕಳು ಯುರೋಪಿನ ನೈಟ್‌ಗಳ (ಮಧ್ಯಯುಗದ ಕುದುರೆ ಸವಾರ ಯೋಧರ) ಕಥೆ ಕೈಗೆ ಸಿಕ್ಕರೆ ಮೊದಲು ಹುಡುಕುವುದು ಕಾಳಗದ ಪುಟ. ರಜೆಯಲ್ಲಿ ನಮ್ಮ ಜಗಲಿಗೆ ಓದಲು ಬರುವ ಡಿಗ್ರಿ ಮಕ್ಕಳಿಗೆ ನಾನು ಅದನ್ನೇ ಬೇಗ ದಾಟಿ ಅನ್ನುತ್ತೇನೆ. ಈಟಿ ಮುರಿಯುತ್ತದೆ, ಕುದುರೆಯಿಂದ ಬೀಳುತ್ತಾರೆ, ಕತ್ತಿ ಹಿರಿಯುತ್ತಾರೆ, ಅಷ್ಟೇ. ಕಥೆಯನ್ನು ಎಳೆದುಕೊಂಡು ಹೋಗುವುದು ನೈಟ್ ಕೊಟ್ಟ ಮಾತು. ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಾ ಹೋಗಿ: ಯಾರಿಗೆ ಮಾತು ಕೊಟ್ಟ, ಗಡುವು ಯಾವಾಗ, ಯಾರೆದುರು ಕೊಟ್ಟ.

ದಪ್ಪ ಪುಸ್ತಕದಿಂದ ಶುರು ಮಾಡಬೇಡಿ. 1485ರಲ್ಲಿ ಕ್ಯಾಕ್ಸ್‌ಟನ್ ಅಚ್ಚು ಹಾಕಿದ ಮ್ಯಾಲರಿಯ ಆರ್ಥರ್ ರಾಜನ ಕಥೆ ಆಮೇಲಿಗಿರಲಿ. ಮೊದಲು 'ಸರ್ ಗವೇನ್ ಮತ್ತು ಹಸಿರು ನೈಟ್'. 1400ರ ಆಸುಪಾಸಿನ ಒಂದೇ ಹಸ್ತಪ್ರತಿಯಲ್ಲಿ ಉಳಿದ ಕಾವ್ಯ. 2530 ಸಾಲು, ನಾಲ್ಕು ಭಾಗ, ದಿನಕ್ಕೊಂದು ಭಾಗ ಸಾಕು. ಹಸಿರು ನೈಟ್‌ನ ಪಂಥ ಒಪ್ಪಿ ಅವನ ಕತ್ತು ಕಡಿದ ಗವೇನ್, ಕಡಿದರೂ ಸಾಯದ ಅವನಿಗೆ ಒಂದು ವರ್ಷ ಒಂದು ದಿನ ಕಳೆದು ತನ್ನ ಕತ್ತು ಒಡ್ಡಲು ಹೋಗಬೇಕು. ಆರ್ಥರನ ಇಡೀ ಆಸ್ಥಾನವೇ ಸಾಕ್ಷಿ.

ಮೂರನೇ ಭಾಗಕ್ಕೆ ಬಂದಾಗ ಮಾತ್ರ ನಿಧಾನಿಸಿ. ಗವೇನ್ ದಾರಿಯಲ್ಲಿ ತಂಗಿದ ಕೋಟೆಯ ಯಜಮಾನ ಬೇಟೆಗೆ ಹೋಗುತ್ತಾನೆ: ಜಿಂಕೆ, ಕಾಡುಹಂದಿ, ನರಿ. ಇತ್ತ ಅವನ ಹೆಂಡತಿ ಗವೇನ್ ಮಲಗಿರುವಲ್ಲಿಗೇ ಬಂದು ಪರೀಕ್ಷಿಸುತ್ತಾಳೆ. ಸಂಜೆ ಇಬ್ಬರೂ ಗಳಿಸಿದ್ದನ್ನು ಬದಲಾಯಿಸಿಕೊಳ್ಳಬೇಕು ಅನ್ನುವುದು ಒಪ್ಪಂದ. ಜಿಂಕೆ ಸುಲಿಯುವುದು, ಪಾಲು ಮಾಡುವುದು, ನಾಯಿಗೆಷ್ಟು, ಕಾಗೆಗೆಷ್ಟು, ಎಲ್ಲವೂ ಇಲ್ಲಿದೆ. 1972ರ ವನ್ಯಜೀವಿ ಕಾಯಿದೆಗೂ ಮೊದಲು ಬೇಟೆಯಾಡಿದ್ದ ನಮ್ಮ ಮಾವನಿಗೆ ಇದನ್ನು ಕನ್ನಡ ಮಾಡಿ ಹೇಳಿದೆ. "ಬರೆದವನು ಕಾಡಿಗೆ ಹೋಗಿದ್ದಾನಮ್ಮ" ಅಂದರು. ಗವೇನ್ ಯಜಮಾನನ ಹೆಂಡತಿಯಿಂದ ಸಿಕ್ಕ ಚುಂಬನಗಳನ್ನೆಲ್ಲ ಲೆಕ್ಕ ಒಪ್ಪಿಸಿ, ಜೀವ ಉಳಿಸುವುದೆಂದು ಅವಳು ಕೊಟ್ಟ ಹಸಿರು ನಡುಪಟ್ಟಿಯೊಂದನ್ನು ಮುಚ್ಚಿಡುತ್ತಾನೆ. ಅದಕ್ಕೆ ಕೊನೆಯಲ್ಲಿ ಹಸಿರು ನೈಟ್‌ನ ಕೊಡಲಿಯಿಂದ ಕತ್ತಿನ ಮೇಲೊಂದು ಗೀರು.

ಆಮೇಲೆ 12ನೇ ಶತಮಾನದ ಫ್ರೆಂಚ್ ಕವಿ ಕ್ರೇತಿಯೆನ್ ದ ತ್ರುವಾನ 'ಇವೇನ್'. ನಾಯಕ ಇವೇನ್ ವರ್ಷದೊಳಗೆ ಬರುತ್ತೇನೆಂದು ಹೆಂಡತಿಗೆ ಹೇಳಿ, ಪಂದ್ಯಾಟದ ಅಮಲಲ್ಲಿ ಗಡುವು ಮರೆತು, ಹುಚ್ಚನಾಗಿ ಕಾಡು ಸೇರುತ್ತಾನೆ. (ಪಂದ್ಯಾಟಕ್ಕೆ ಪುಸಲಾಯಿಸಿದವನು ಗವೇನ್!)

ನೈಟ್‌ನ ಹೊಟ್ಟೆಪಾಡನ್ನೂ ಒಮ್ಮೆ ಯೋಚಿಸಿ. ನಮ್ಮ ಕೊಡಗಿನ ಜಮ್ಮಾ ಭೂಮಿಯ ಹಾಗೆ, ಅಲ್ಲೂ ಎಷ್ಟೋ ನೈಟ್‌ಗಳಿಗೆ ಜಮೀನು ಸಿಗುತ್ತಿದ್ದದ್ದು ಯುದ್ಧಸೇವೆಗೆ ಪ್ರತಿಯಾಗಿ. ಕಥೆಗಳು ಈ ಲೆಕ್ಕ ಎತ್ತುವುದೇ ಅಪರೂಪ. ಆದರೆ 'ಇವೇನ್'ನಲ್ಲೊಂದು ಕೋಟೆ ಬರುತ್ತದೆ: ಸೆರೆಯಲ್ಲಿ ರೇಷ್ಮೆ ಕೆಲಸ ಮಾಡುವ 300 ಹೆಣ್ಣುಮಕ್ಕಳು. ನಮ್ಮ ಕೆಲಸ ತರುವ ಪ್ರತಿ ಪೌಂಡ್ ಹಣದಲ್ಲಿ ನಮಗೆ ನಾಲ್ಕೇ ದೆನಿಯೇ (ಆಗಿನ ಚಿಲ್ಲರೆ ನಾಣ್ಯ) ಸಿಗುತ್ತದೆ, ನಮ್ಮ ದುಡಿಮೆಯಲ್ಲಿ ಯಜಮಾನ ಶ್ರೀಮಂತನಾದ ಎಂದು ಅವರು ಹೇಳುತ್ತಾರೆ. ತೋಟದ ಕೂಲಿ ಪುಸ್ತಕ ಬರೆಯುವವರು, ನಾನೂ ಸೇರಿ, ಈ ಪುಟವನ್ನು ಎರಡು ಸಲ ಓದಬೇಕು.

ಕೊನೆಗೆ ಅದೇ ಕವಿಯ 'ಲಾನ್ಸ್‌ಲಾಟ್'. ಅಪಹರಣವಾದ ಆರ್ಥರನ ರಾಣಿಯ ಸುದ್ದಿ ಬೇಕಿದ್ದರೆ ಲಾನ್ಸ್‌ಲಾಟ್ ಅಪರಾಧಿಗಳನ್ನು ಮೆರವಣಿಗೆ ಮಾಡುವ ಗಾಡಿ ಹತ್ತಬೇಕು. ಹತ್ತುತ್ತಾನೆ, ಆದರೆ ಎರಡು ಹೆಜ್ಜೆಯಷ್ಟು ತಡೆದು. ಆ ಎರಡು ಹೆಜ್ಜೆಗೇ ರಾಣಿ ಮುಖ ತಿರುಗಿಸುತ್ತಾಳೆ. ಇದನ್ನು ಒಬ್ಬರೇ ಓದಬೇಡಿ, ಜಗಳವಾಡಲು ಜೊತೆಗೆ ಯಾರಾದರೂ ಇರಲಿ. ನಮ್ಮ ಜಗಲಿಯಲ್ಲಿ ಹುಡುಗಿಯರು ರಾಣಿಯ ಕಡೆ. ನನಗೆ ಅವಳದ್ದು ಅತಿಯಾಯಿತು ಅನ್ನಿಸುತ್ತದೆ.