ಹಾಲಿನ ಕವರಿನಿಂದ ಇಂಧನ ತೈಲ: ಮೊದಲ ಹೆಜ್ಜೆ ಮನೆಯಲ್ಲೇ

ಮಂಡ್ಯ ಸೀಮೆಯ ಕೆಲವು ಆಲೆಮನೆಗಳಲ್ಲಿ ಕಬ್ಬಿನ ಸಿಪ್ಪೆ ಸಾಲದೆ ಹೋದಾಗ ಪ್ಲಾಸ್ಟಿಕ್ ಚಿಂದಿಯನ್ನೂ ಹಳೆಯ ಟೈರನ್ನೂ ಒಲೆಗೆ ತುಂಬುವುದುಂಟು. ಪ್ಲಾಸ್ಟಿಕ್ಕಿನಲ್ಲಿ ಶಾಖವಿದೆ ಎಂಬ ಲೆಕ್ಕಾಚಾರ ಸುಳ್ಳಲ್ಲ; ಒಂದು ಕಿಲೋ ಪಾಲಿಥಿನ್‌ನಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಡೀಸೆಲ್‌ನಷ್ಟೇ ಶಾಖ ಅಡಗಿದೆ. ಆದರೆ ಒಲೆಯಲ್ಲಿ ಅರೆಬರೆ ಉರಿದಾಗ ಏಳುವ ವಿಷದ ಹೊಗೆಯನ್ನು ಉಸಿರಾಡುವವರು ಬೆಲ್ಲ ಕಾಯಿಸುವ ಕೂಲಿಯವರು ಮತ್ತು ಅಕ್ಕಪಕ್ಕದ ಊರಿನ ಮಕ್ಕಳು. ಅದೇ ವಸ್ತುವನ್ನು ಗಾಳಿ ಸೋಕದಂತೆ ಕಾಯಿಸಿದರೆ ಎಣ್ಣೆ ಸಿಗುತ್ತದೆ. ಈ ಕ್ರಮಕ್ಕೆ ಪೈರಾಲಿಸಿಸ್ ಎಂದು ಹೆಸರು.

ಮೊದಲ ಹಂತ ವಿಂಗಡಣೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಸೋಲು ಗೆಲುವು ನಿಂತಿರುವುದು ಇಲ್ಲೇ. ಹಾಲಿನ ಕವರು, ಕೈಚೀಲ, ಬಕೆಟ್ಟು, ಬಾಟಲಿಯ ಮುಚ್ಚಳ ಮುಂತಾದ ಪಾಲಿಥಿನ್ ಮತ್ತು ಪಾಲಿಪ್ರೊಪಿಲೀನ್ ವಸ್ತುಗಳು ಚೆನ್ನಾಗಿ ಎಣ್ಣೆ ಕೊಡುತ್ತವೆ. ನೀರಿನ ಪೈಪು, ವೈರಿನ ಹೊದಿಕೆಗಳಲ್ಲಿರುವ ಪಿವಿಸಿ ಸೇರಿಕೊಂಡರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಟು ಯಂತ್ರದ ಲೋಹವನ್ನೇ ತಿನ್ನುತ್ತದೆ. ಕುಡಿಯುವ ನೀರಿನ ಪೆಟ್ ಬಾಟಲಿಯಿಂದ ಎಣ್ಣೆ ಬರುವುದು ಅತ್ಯಲ್ಪ; ಅದರಿಂದ ಹೊರಡುವ ಆಮ್ಲ ಹರಳುಗಟ್ಟಿ ಕೊಳವೆಗಳನ್ನು ಕಟ್ಟುತ್ತದೆ. ಅದನ್ನು ನೂಲು ತೆಗೆಯುವ ಮರುಬಳಕೆಗೆ ಕಳಿಸುವುದೇ ಸರಿ. ಮೈಸೂರಿನ ಕುಂಬಾರಕೊಪ್ಪಲಿನ ಘಟಕದಂಥ ಕಡೆ ಒಣ ಕಸವನ್ನು ಕೈಯಿಂದ ಬೇರ್ಪಡಿಸುವವರ ಕಣ್ಣಳತೆಗೆ ಇರುವ ಬೆಲೆ ಇದರಿಂದ ತಿಳಿಯುತ್ತದೆ.

ಎರಡನೆಯದಾಗಿ, ಆರಿಸಿದ್ದನ್ನು ತೊಳೆದು, ಒಣಗಿಸಿ, ಚೂರು ಮಾಡಬೇಕು.

ಮೂರನೆಯ ಹಂತದಲ್ಲಿ ಈ ಚೂರುಗಳನ್ನು ಬಿಗಿಯಾಗಿ ಮುಚ್ಚಿದ ಉಕ್ಕಿನ ರಿಯಾಕ್ಟರಿಗೆ ಹಾಕಿ, ಒಳಗಿನ ಗಾಳಿಯನ್ನು ಸಾಮಾನ್ಯವಾಗಿ ಸಾರಜನಕದಿಂದ ಹೊರದೂಡಿ, ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ವರೆಗೆ ಕಾಯಿಸುತ್ತಾರೆ. ಆಮ್ಲಜನಕವಿಲ್ಲದ್ದರಿಂದ ಪ್ಲಾಸ್ಟಿಕ್ ಉರಿಯುವುದಿಲ್ಲ. ಸಾವಿರಾರು ಇಂಗಾಲದ ಪರಮಾಣುಗಳ ಉದ್ದನೆಯ ಸರಪಣಿ ತುಂಡು ತುಂಡಾಗಿ ಆವಿಯಾಗುತ್ತದೆ. ಜಿಯೋಲೈಟ್ ಎಂಬ ಖನಿಜದಂಥ ವೇಗವರ್ಧಕ, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಇದ್ದರೆ ಕಡಿಮೆ ಶಾಖದಲ್ಲೇ ಸರಪಣಿ ಮುರಿದು, ಪೆಟ್ರೋಲಿಗೆ ಹತ್ತಿರದ ಹಗುರ ಭಾಗ ಹೆಚ್ಚುತ್ತದೆ.

ಆವಿಯನ್ನು ತಣ್ಣೀರು ಹರಿಯುವ ಕಂಡೆನ್ಸರಿನ ಮೂಲಕ ಹಾಯಿಸಿದಾಗ ಎಣ್ಣೆ ಇಳಿಯುತ್ತದೆ. ದ್ರವವಾಗದೆ ಉಳಿದ ಅನಿಲವನ್ನು ರಿಯಾಕ್ಟರ್ ಕಾಯಿಸಲು ಮರಳಿ ಬಳಸುತ್ತಾರೆ. ತಳದಲ್ಲಿ ಕಪ್ಪು ಮಸಿ ಉಳಿಯುತ್ತದೆ. ಹೀಗೆ ಬಂದ ಎಣ್ಣೆಯನ್ನು ನೇರವಾಗಿ ಟ್ರ್ಯಾಕ್ಟರಿಗೆ ಸುರಿಯುವಂತಿಲ್ಲ. ಬಟ್ಟಿ ಇಳಿಸಿ ಭಾಗಗಳನ್ನು ಬೇರ್ಪಡಿಸಿ, ಕಲ್ಮಶ ತೆಗೆದ ನಂತರವೇ ಅದು ಎಂಜಿನ್ನಿಗೆ ಯೋಗ್ಯ. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯಲ್ಲಿ 2019ರಲ್ಲಿ ಆರಂಭವಾದ ಘಟಕವನ್ನು ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್ಕಿನಿಂದ ಸುಮಾರು 800 ಲೀಟರ್ ಡೀಸೆಲ್ ಪಡೆಯುವಂತೆ ರೂಪಿಸಲಾಗಿದೆ.

ಇದನ್ನು ಹಿತ್ತಿಲಲ್ಲಿ ಡ್ರಮ್ಮು ಇಟ್ಟು ಯಾರೂ ಪ್ರಯತ್ನಿಸಬಾರದು. ಬಿಸಿ ಆವಿಗೆ ಗಾಳಿ ಬೆರೆತರೆ ಸಿಡಿದು ಜೀವಕ್ಕೇ ಕುತ್ತು. ಮನೆಯವರು ಮಾಡಬೇಕಾದದ್ದು ಬೇರೆಯೇ ಇದೆ: ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡದೆ, ಚೂರು ಕವರಿಗೇ ಅಂಟಿಕೊಂಡಿರುವಂತೆ ಸೀಳಿ, ಜಾಲಿಸಿ, ಒಣಗಿಸಿ, ಪೌರಕಾರ್ಮಿಕರ ಕೈಗೆ ಒಣ ಕಸವಾಗಿಯೇ ಕೊಡಿ.