ಮಾಯಾಬಿಲ್ಲಿನ ಗುರಿಗೆ ನೂಲಿನ ಅಳತೆ

ಕಾಸರಗೋಡು, ಕುಂಬಳೆ ಕಡೆ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ (ಮೇಜಿನ ಮೇಲೆ ದಾಳ ಉರುಳಿಸಿ ಪಾತ್ರ ವಹಿಸುವ ಆಟ) ಐದನೇ ಆವೃತ್ತಿ ಆಡುವವರಿಗೆ: ಗುರಿ ಎಷ್ಟು ಮರೆಯಲ್ಲಿದೆ ಎಂದು ಜಗಳಾಡುವ ಬದಲು ಹೊಲಿಗೆ ನೂಲು ಹಿಡಿಯಿರಿ. (ಹೂ ಕಟ್ಟುವ ಬಾಳೆನಾರು ಬೇಡ, ನೆಟ್ಟಗೆ ನಿಲ್ಲದು.) ಆಟದ ನಕ್ಷೆಯಲ್ಲಿ ಬಿಲ್ಲುಗಾರ ನಿಂತ ಚೌಕದ ಯಾವುದಾದರೂ ಒಂದು ಮೂಲೆಯಿಂದ ಗುರಿಯ ಚೌಕದ ನಾಲ್ಕೂ ಮೂಲೆಗೆ ಎಳೆಯಿರಿ. ಒಂದೆರಡು ಎಳೆಗೆ ಅಡ್ಡಿಯಾದರೆ ಗುರಿಯ ಎಸಿಗೆ (ಆರ್ಮರ್ ಕ್ಲಾಸ್, ಏಟು ತಾಗಲು ದಾಳ ಮುಟ್ಟಬೇಕಾದ ಅಂಕ) 2, ಮೂರು ನಾಲ್ಕಕ್ಕಾದರೂ ಬಾಣ ತಲುಪುವಂತಿದ್ದರೆ 5 ಕೂಡಿಸಿ. ನಡುವೆ ನಿಂತ ಜೊತೆಗಾರನೂ ಅಡ್ಡಿಯೇ. ಬಿಲ್ಲಿಗೆ ಮಂತ್ರಶಕ್ತಿ ಇದೆಯೆಂದು ಮರೆ ಮಾಯವಾಗದು, ಆಯುಧದ ವಿವರಣೆಯಲ್ಲಿ ಹಾಗೆ ಬರೆದಿದ್ದರೆ ಮಾತ್ರ ಮಾಯ. ದಟ್ಟ ಮಂಜಿನಲ್ಲಿ ಈ ನೂಲು ಕೈಕೊಡುತ್ತದೆ: ದಾರಿ ತೆರೆದಿದ್ದರೂ ಕಣ್ಣಿಗೆ ಕಾಣದು. ಆಗ ಇಪ್ಪತ್ತು ಮುಖದ ಎರಡು ದಾಳ ಉರುಳಿಸಿ ಕಡಿಮೆ ಬಂದದ್ದನ್ನೇ ಹಿಡಿಯಬೇಕು (ಗುರಿಗೂ ಬಿಲ್ಲುಗಾರ ಕಾಣದಿದ್ದರೆ ಎಂದಿನಂತೆ ಒಂದೇ ದಾಳ); 'ನಿನಗೆ ಕಾಣುವ ಜೀವಿ' ಎಂದಿರುವ ಮಂತ್ರವಂತೂ ನಡೆಯುವುದೇ ಇಲ್ಲ.