11 ಲಕ್ಷದ ಜಗಳ, ಬೀಗದೊಳಗಿನ ಶೀಟು

ನಾಗರಬಾವಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕಟ್ಟಿಸುತ್ತಿದ್ದ ಮನೆ ಮೊದಲ ಮಹಡಿಯ ಮೋಲ್ಡ್ ಹಾಕಿದ ಮೇಲೆ ನಿಂತುಹೋಗಿತ್ತು. 24 ಚದರ, ಚದರಕ್ಕೆ 1.8 ಲಕ್ಷ ರೂಪಾಯಿಯಂತೆ ಮಾತಾಗಿತ್ತು. ಮೇಷ್ಟ್ರು ಆಗಲೇ 31 ಲಕ್ಷ ಕೊಟ್ಟಿದ್ದರು. ಆಗಿರುವ ಕೆಲಸ 24 ಲಕ್ಷದ್ದು, 7 ಲಕ್ಷ ವಾಪಸ್ ಬರಬೇಕು ಎಂದು ಅವರ ಲೆಕ್ಕ. ಸಂಪು, ಕಾಂಪೌಂಡ್ ಮಾತಿನಲ್ಲಿ ಇರಲೇ ಇಲ್ಲ, ನನಗೇ ಇನ್ನೂ 4 ಲಕ್ಷ ಬರಬೇಕು ಎಂದು ಗುತ್ತಿಗೆದಾರನ ಲೆಕ್ಕ.

ಮೇಷ್ಟ್ರ ಪರ ವಕೀಲಿಕೆ ನನ್ನದು, ಮೊದಲ ತಪ್ಪೂ ನನ್ನದೇ. ನೋಟಿಸಿನಲ್ಲಿ ವಂಚನೆ, ಕ್ರಿಮಿನಲ್ ದೂರು ಎಂದೆಲ್ಲ ಖಾರವಾಗಿ ಬರೆದೆ. ಮೇಷ್ಟ್ರಿಗೆ ಓದಿ ಸಮಾಧಾನವಾಯಿತು. (ಎದುರಾಳಿಯ ವಿಳಾಸಕ್ಕೆ ಹೋಗುವ ನೋಟಿಸನ್ನು ನಾವು ಎಷ್ಟೋ ಸಲ ನಮ್ಮ ಕಕ್ಷಿದಾರನಿಗಾಗಿಯೇ ಬರೆಯುತ್ತೇವೆ.) ಅಷ್ಟೇ ಖಾರದ ಉತ್ತರ ಬಂತು, ಮೂರು ತಿಂಗಳು ಹಾಳಾಯಿತು. ಸಂಧಾನ ನಡೆಯುತ್ತಿದೆ ಎಂದು ಕಾಲಮಿತಿ ನಿಲ್ಲುವುದಿಲ್ಲ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಸಿಗುವುದು 3 ವರ್ಷ. ಆದ್ದರಿಂದ ದಾವೆಯ ಕರಡು ಸಿದ್ಧವಾಗಿಟ್ಟುಕೊಂಡೇ ಎದುರಿನ ವಕೀಲರಿಗೆ ಫೋನ್ ಮಾಡಿದೆ. ಅವರ ಕಕ್ಷಿದಾರನೊಂದಿಗೆ ನಾನು ನೇರವಾಗಿ ಮಾತನಾಡುವಂತಿಲ್ಲ, ಅದು ವೃತ್ತಿಯ ನಿಯಮ. ಆ ಹಿರಿಯ ವಕೀಲರು ನಕ್ಕು, "ಮೊದಲು ಟೇಪು ಹಿಡಿಸೋಣ, ಜಗಳ ಆಮೇಲೆ ಆಡೋಣ" ಎಂದರು.

ಇಬ್ಬರೂ ಒಪ್ಪಿದ ಒಬ್ಬ ಸಿವಿಲ್ ಎಂಜಿನಿಯರ್, ಶುಲ್ಕ ಅರ್ಧರ್ಧ. ಅದಕ್ಕೂ ಮೊದಲು ಒಂದು ಪುಟದ ಪತ್ರಕ್ಕೆ ಸಹಿಯಾಯಿತು. ಸಂಧಾನ ಮುರಿದುಬಿದ್ದರೆ, ಇಲ್ಲಿ ಯಾರು ಏನು ಬಿಟ್ಟುಕೊಡಲು ಒಪ್ಪಿದ್ದರೆಂಬುದನ್ನು ಕೋರ್ಟಿನಲ್ಲಿ ಎತ್ತುವಂತಿಲ್ಲ. ಅಳತೆಯ ವರದಿಯನ್ನು ಮಾತ್ರ ಇಬ್ಬರೂ ಬಳಸಬಹುದು.

ಗಾರೆ ಕಾಣದ ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತೆವು. ಸಂಪು, ಕಾಂಪೌಂಡ್ ಸೇರಿ ಕೆಲಸ 28.5 ಲಕ್ಷದ್ದು ಎಂದರು ಎಂಜಿನಿಯರ್. ಅಲ್ಲಿಗೆ ಹಿಂತಿರುಗಬೇಕಾದ್ದು 2.5 ಲಕ್ಷ. ಮೇಷ್ಟ್ರ ಮುಖ ಕಹಿಯಾಯಿತು. ಗುತ್ತಿಗೆದಾರ ಮಾತ್ರ ಲೆಕ್ಕದ ಹಾಳೆಯನ್ನು ನೋಡಲೇ ಇಲ್ಲ. "ನನ್ನ ಶೀಟು ಯಾವಾಗ ಬಿಡುತ್ತೀರಿ?" ಎಂದು ಕೇಳಿದ.

ಜಗಳವಾದ ದಿನವೇ ಮೇಷ್ಟ್ರು ಗೇಟಿಗೆ ಬೀಗ ಜಡಿದಿದ್ದರು. ಒಳಗಿದ್ದ, ಮೋಲ್ಡಿಗೆ ಆಸರೆ ಕೊಡುವ ಸೆಂಟ್ರಿಂಗ್ ಶೀಟು, ಜಾಕಿಗಳು ಗುತ್ತಿಗೆದಾರ ದಿನಬಾಡಿಗೆಗೆ ತಂದವು. ಬಾಡಿಗೆ ಏರುತ್ತಲೇ ಇತ್ತು. ಎರಡೂ ನೋಟಿಸುಗಳಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ಮೇಷ್ಟ್ರನ್ನು ಸಂಪಿನ ಬಳಿಗೆ ಕರೆದೊಯ್ದೆ.

"ಆ ಶೀಟಿನಿಂದ ನಿಮಗೇನು ಪ್ರಯೋಜನ ಮೇಷ್ಟ್ರೇ?"

"ಅವನಿಗೂ ಬಿಸಿ ಮುಟ್ಟಲಿ ಎಂದು."

"ಮುಟ್ಟಿದೆ. ದಾವೆಗೆ ಹೋದರೆ ಆ ಬಾಡಿಗೆಯನ್ನು ನಿಮ್ಮ ಮೇಲೆಯೇ ಹಾಕುತ್ತಾನೆ."

ಅರ್ಧ ಗಂಟೆ ಹಿಡಿಯಿತು. ಸಂಜೆ ಲಗೇಜ್ ಆಟೋ ಬಂದು ಶೀಟು ಹೊತ್ತುಕೊಂಡು ಹೋಯಿತು. ಅದಾದ ಮೇಲೆ 2 ಲಕ್ಷಕ್ಕೆ, ಎರಡು ಚೆಕ್ಕಿಗೆ ಒಪ್ಪಿಗೆಯಾಗಲು ಒಂದು ಲೋಟ ಕಾಫಿಯ ಹೊತ್ತು ಸಾಕಾಯಿತು.

ಆದರೆ ಇಬ್ಬರು ಸಹಿ ಹಾಕಿದ ಕಾಗದ ಬರೀ ಒಪ್ಪಂದ. ಮಾತು ತಪ್ಪಿದರೆ ಅದರ ಮೇಲೆಯೇ ಇನ್ನೊಂದು ದಾವೆ ಹೂಡಬೇಕು. ಹೀಗಾಗಿ ಅದನ್ನು ವ್ಯಾಜ್ಯಪೂರ್ವ ಪ್ರಕರಣವಾಗಿ, ಅಂದರೆ ದಾವೆ ಹೂಡುವ ಮೊದಲೇ, ಲೋಕ ಅದಾಲತ್ ಮುಂದಿಟ್ಟೆವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿನ ಐತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿಯಿಲ್ಲ.

ಎರಡನೇ ಚೆಕ್ ನಗದಾದ ದಿನ ಮೇಷ್ಟ್ರು ಫೋನ್ ಮಾಡಿದರು. ಹೊಸ ಮೇಸ್ತ್ರಿ ಬಂದಿದ್ದಾನಂತೆ, ಸಂಪನ್ನು ನೋಡಿ ಕೆಲಸ ಗಟ್ಟಿಯಾಗಿದೆ ಎಂದನಂತೆ. ಅದನ್ನು ಹೇಳುವಾಗಲೂ ಅವರ ದನಿಯಲ್ಲಿ ಸಿಟ್ಟು ಉಳಿದಿತ್ತು.